ಐರಾಣಿಯ ಕೊರಳಲ್ಲಿ ಒಂದು ಗೆರೆ

ನಾನು ಸೊಸೆಯಾಗಿ ತಿಕೋಟಾಕ್ಕೆ ಬಂದ ಮೇಲೆ ಕೆಲವು ವರ್ಷಗಳ ತನಕ ನನ್ನ ಮಾವ ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ. ಹೇಳುವುದೇನಾದರೂ ಇದ್ದರೆ ಕತ್ತೆಗೆ ಹೇಳುತ್ತಿದ್ದರು.

ಅದರಲ್ಲಿ ಮುನಿಸೇನೂ ಇರಲಿಲ್ಲ, ಆ ಮನೆಯ ರೀತಿಯೇ ಹಾಗೆ. ಮಾವ ಸೊಸೆ ಎದುರುಬದುರು ನಿಂತು ಮಾತಾಡಬಾರದು. ಅತ್ತೆ ಮನೆಯಲ್ಲಿದ್ದರೆ ಮಾತು ಅತ್ತೆಯ ಮೂಲಕ ಬರುತ್ತಿತ್ತು. ಅತ್ತೆ ಇಲ್ಲದಾಗ ಮಾವ ಅಂಗಳದ ಬೇವಿನ ಗಿಡದ ಕೆಳಗೆ ಗೂಟಕ್ಕೆ ಕಟ್ಟಿದ ಕತ್ತೆಯ ಕಡೆ ಮುಖ ಮಾಡಿ, "ಏ ಕತ್ತಿ, ಮಣ್ಣಾಗಿನ ಹರಳು ಇನ್ನಾ ಆರಿಸಿಲ್ಲೇನು?" ಎನ್ನುತ್ತಿದ್ದರು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಬಬಲೇಶ್ವರದ ನನ್ನ ತವರಿನಲ್ಲಿ ಅಪ್ಪ ಜಗಳವಾಡಿದರೂ ನನ್ನ ಮುಖ ನೋಡಿಯೇ ಆಡುತ್ತಿದ್ದ. ಒಂದಷ್ಟು ದಿನ ಸುಮ್ಮನಿದ್ದೆ. ಆಮೇಲೆ ನಾನೂ ಕತ್ತೆಯ ಕಡೆ ತಿರುಗಿ, "ಮುಂಜಾನೇನ ಆರಿಸೇನಿ ಅಂತ ಹೇಳು ಕತ್ತಿ" ಎನ್ನತೊಡಗಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಮ್ಮಿಬ್ಬರ ನಡುವೆ ಆ ಬಡಪ್ರಾಣಿ ಎಷ್ಟು ಬೈಗುಳ ತಿಂದಿತೋ ಲೆಕ್ಕವಿಲ್ಲ.

ಕುಂಬಾರರ ಮನೆಯಲ್ಲಿ ಹುಟ್ಟಿ ಕುಂಬಾರರ ಮನೆಗೇ ಬಂದವಳು ನಾನು. ಹಾಗಾಗಿ ಕೆಲಸವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಕೆರೆಯ ಮಣ್ಣನ್ನು ಮಾವ ಕತ್ತೆಯ ಮೇಲೆ ಹೇರಿಕೊಂಡು ಬರುತ್ತಿದ್ದರು. ಅದನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಸಿ, ಬೂದಿ ಕೂಡಿಸಿ ಕಾಲಿನಿಂದ ತುಳಿಯುವುದು ಹೆಂಗಸರ ಪಾಲು. ಮಾವ ತಿಗರಿಯ ಮುಂದೆ ಕೂತು ಕೋಲಿನಿಂದ ಆ ಚಕ್ರವನ್ನು ತಿರುಗಿಸಿ, ದಪ್ಪ ಮೈಯ, ತಳವಿಲ್ಲದ ಸಣ್ಣ ಗಡಿಗೆಯೊಂದನ್ನು ಎಬ್ಬಿಸುತ್ತಿದ್ದರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಅದು ತುಸು ಆರಿದ ಮೇಲೆ ಒಳಗೊಂದು ಉರುಟು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿದು ಬಡಿದು, ತಳ ಮುಚ್ಚಿ, ಹೊಟ್ಟೆ ಹಿಗ್ಗಿಸಿ, ನೀರು ತುಂಬುವ ಗಡಿಗೆ ಮಾಡುವವರು ನಾವು. ಆದರೂ ಊರವರ ಕಣ್ಣಿಗೆ ಗಡಿಗೆ ಮಾಡಿದವನು ಯಾರು? ತಿಗರಿಯ ಮುಂದೆ ಕೂತವನು. ನಮ್ಮ ತೋಳು ಬಾತುಕೊಂಡದ್ದು ಯಾರಿಗೂ ಕಾಣುತ್ತಿರಲಿಲ್ಲ.

ತಿಗರಿಯನ್ನು ಹೆಂಗಸರು ಮುಟ್ಟುವಂತಿರಲಿಲ್ಲ. ಅದಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡುವವರೂ ಗಂಡಸರೇ. ಯಾಕೆ ಹೀಗೆ ಎಂದು ಅತ್ತೆಯನ್ನು ಕೇಳಿದ್ದೆ.

"ನಮ್ಮತ್ತಿ ಮುಟ್ಟಿಲ್ಲ, ನಾ ಮುಟ್ಟಿಲ್ಲ. ನೀ ಯಾಕ ಮುಟ್ಟಬೇಕಾಗೈತಿ ಬೇ?" ಎಂದರು.

"ಮುಟ್ಟತೀನಿ ಅಂದಿಲ್ಲರಿ ಅತ್ತಿ, ಯಾಕ ಅಂತ ಕೇಳಿದೆ."

"ಯಾಕ ಅನ್ನೂದನ್ನ ಬಬಲೇಶ್ವರದಾಗ ಬಿಟ್ಟು ಬರಬೇಕಿತ್ತು" ಎಂದು ಹಲಗೆ ಕೈಗೆತ್ತಿಕೊಂಡರು. ಮಾತು ಅಲ್ಲಿಗೇ ಮುಗಿಯಿತು.

ಇನ್ನು ನನ್ನ ಗಂಡ. ಒಬ್ಬನೇ ಮಗ, ಒಳ್ಳೆಯ ಮನುಷ್ಯ, ಆದರೆ ತಿಗರಿ ಅವರ ಕೈಗೆ ಒಲಿಯಲಿಲ್ಲ. ಮಣ್ಣನ್ನು ನಡುವಿನಲ್ಲಿ ನಿಲ್ಲಿಸುವುದೇ ಅವರಿಂದಾಗುತ್ತಿರಲಿಲ್ಲ. ಎಬ್ಬಿಸಿದ್ದೆಲ್ಲ ಒಂದು ಕಡೆ ವಾಲುತ್ತಿತ್ತು. "ನೀ ಮಾಡಿದ್ದ ಗಡಿಗಿ ನಿನ್ನಂಗ, ಗ್ವಾಡಿ ಇದ್ದರಷ್ಟ ನಿಂದರ್ತೈತಿ" ಎಂದು ಮಾವ ಎಷ್ಟೋ ಸಲ ಅಂದದ್ದುಂಟು. ಕೊನೆಗೆ ನನ್ನ ಗಂಡ ವಿಜಾಪುರದ ಪಾತ್ರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಅಲ್ಲಿ ಮಾರುತ್ತಿದ್ದದ್ದು ಸ್ಟೀಲಿನ ತಾಟು, ಜರ್ಮನ್ ಭಾಂಡೆ. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಎನ್ನುವುದು. ಕುಂಬಾರರ ಮಗ ಜರ್ಮನ್ ಭಾಂಡೆ ಮಾರತಾನ ಎಂದು ಊರವರು ನಕ್ಕರು. ನಗುವವರ ಮನೆಯ ಒಲೆಯ ಮೇಲೂ ಅದೇ ಭಾಂಡೆ ಇತ್ತು. ಮಣ್ಣಿನ ಗಡಿಗೆಯಲ್ಲಿ ಬೇಳೆ ಬೇಯಿಸುವವರು ಆಗಲೇ ಕಡಿಮೆಯಾಗಿದ್ದರು. ಬೇಸಿಗೆಗೆ ನೀರಿನ ಹರವಿ, ದೀಪಾವಳಿಗೆ ಪಣತಿ, ಕಾರಹುಣ್ಣಿಮೆಯ ನಂತರದ ಅಮಾವಾಸ್ಯೆಗೆ ಮಣ್ಣಿನ ಎತ್ತು, ಇಷ್ಟೇ ಉಳಿದಿತ್ತು.

ಇವುಗಳ ಜೊತೆ ಐರಾಣಿಯೂ ಇತ್ತು. ನಮ್ಮ ಮನೆಯ ಮಾನ ನಿಂತಿದ್ದದ್ದೇ ಅದರ ಮೇಲೆ.

ಲಗ್ನದ ಮನೆಯವರು ಪೂಜೆಗೆಂದು ಕುಂಬಾರರ ಮನೆಯಿಂದ ಒಯ್ಯುವ ಗಡಿಗೆಗಳಿಗೆ ಐರಾಣಿ ಎನ್ನುತ್ತಾರೆ. ಸುಣ್ಣ ಬಳಿದು, ಕೆಮ್ಮಣ್ಣಿನಿಂದ ಚಿತ್ತಾರ ಬರೆದು, ದೊಡ್ಡದರ ಮೇಲೆ ಸಣ್ಣದು ಇಡುವುದು. ಮುತ್ತೈದೆಯರು ಬಾಜಾ ಬಾರಿಸಿಕೊಂಡು ಕುಂಬಾರರ ಅಂಗಳಕ್ಕೇ ಬರಬೇಕು. ಮನೆಯ ಹಿರಿಯ ಮೊದಲ ಗಡಿಗೆಯನ್ನು ತನ್ನ ಕೈಯಿಂದ ಎತ್ತಿ ಕೊಡಬೇಕು. ಅವರು ಕುಂಬಾರಗಿತ್ತಿಯ ಉಡಿ ತುಂಬಿ, ಹಾಡುತ್ತ ಹೊತ್ತುಕೊಂಡು ಹೋಗುವರು. ಸಂತೆಯಲ್ಲಿ ಕೊಂಡ ಗಡಿಗೆ ಅದಕ್ಕೆ ನಡೆಯುವುದಿಲ್ಲ. ಯಾವ ಮನೆಯವರಿಗೆ ಯಾವ ಕುಂಬಾರರು ಎಂಬುದೂ ಹಿಂದಿನಿಂದ ಗೊತ್ತುಮಾಡಿದ್ದು. ಒಮ್ಮೆ ಬೇರೆ ಮನೆಯ ಐರಾಣಿ ಹೋಯಿತೆಂದರೆ ಮುಂದೆ ಆ ಮನೆಯ ಲಗ್ನಕ್ಕೆಲ್ಲ ಅವರದೇ. ಹೋದ ಹಕ್ಕು ತಿರುಗಿ ಬಾರದು.

ಬರಗಾಲ ಕಳೆದ ಮರುವರ್ಷದ ಮಾತು. ಮಾವ ಕೆರೆಯಲ್ಲಿ ಮಣ್ಣು ಅಗೆಯುತ್ತಿದ್ದಾಗ ದಂಡೆ ಕುಸಿದು ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಎಲುಬು ಕೂಡಿಸುವವರು ಬಿದಿರಿನ ಪಟ್ಟಿ ಕಟ್ಟಿದರು. ಬಿಚ್ಚಿದಾಗ ಎಲುಬು ಕೂಡಿತ್ತು, ಆದರೆ ಸೊಟ್ಟ ಕೂಡಿತ್ತು. ಊಟದ ತುತ್ತು ಎತ್ತಲು ಬರುತ್ತಿತ್ತು, ಮಣ್ಣು ಎಬ್ಬಿಸಲು ಬರುತ್ತಿರಲಿಲ್ಲ. ಒಂದು ಸಲ ತಿಗರಿಯ ಮುಂದೆ ಕೂತರು, ಕೋಲು ಹಾಕಿ ತಿರುಗಿಸಿದರು, ಮಣ್ಣಿನ ಮೇಲೆ ಕೈಯಿಟ್ಟರು. ಮಣ್ಣು ಗಿರ್ರನೆ ಹಾರಿ ಗೋಡೆಗೆ ಬಡಿಯಿತು. ಎದ್ದು ಕೈ ತೊಳೆದುಕೊಂಡು ಬಂದು ಪಡಸಾಲೆಯ ಹೊರಸಿನ ಮೇಲೆ ಮಲಗಿದರು. ಆಮೇಲೆ ತಿಗರಿಯನ್ನು ಗೋಡೆಗೆ ಆನಿಸಿ ನಿಲ್ಲಿಸಲಾಯಿತು. ಕತ್ತೆಗೆ ಬೈಯುವುದನ್ನೂ ಬಿಟ್ಟರು. ನನಗೆ ಅದೇ ಹೆಚ್ಚು ಸಂಕಟವಾಯಿತು.

ಬರಗಾಲದಲ್ಲಿ ನಿಂತಿದ್ದ ಲಗ್ನಗಳೆಲ್ಲ ಆ ವರ್ಷ ಒಟ್ಟಿಗೇ ಬಂದವು. ನಮ್ಮ ಓಣಿಯ ಹಿಂದಿನ ಒಕ್ಕಲಿನ ಮನೆಯಲ್ಲಿ ಮೊಮ್ಮಗಳ ಲಗ್ನ ನಿಕ್ಕಿಯಾಗಿ, ಆ ಮನೆಯ ಅಜ್ಜಿ ಐರಾಣಿಗೆ ಹೇಳಲು ಬಂದರು. ಅತ್ತೆಗೂ ಅವರಿಗೂ ಬಹಳ ವರ್ಷಗಳ ಗೆಳೆತನ. ಅಜ್ಜಿ ಮಾವನ ಕೈ ನೋಡಿದರು. ಎಲೆ ಅಡಿಕೆ ಇಟ್ಟು, "ನಿಮ್ಮ ಮನಿಯಿಂದನ ಹೋಗಬೇಕರಿ. ನಂದೂ ನಿಮ್ಮ ಮನಿಯಿಂದನ ಹೋಗಿತ್ತು" ಎಂದರು.

ಮಾವ ಹೊರಸಿನ ಮೇಲೆ ಎದ್ದು ಕೂತರು. "ವಿಜಾಪುರಕ್ಕ ತಮ್ಮಗ ಹೇಳಿ ಕಳಸ್ತೀನಿ. ಅಂವ ತರ್ತಾನ" ಎಂದರು.

ಆ ತಮ್ಮ, ನನಗೆ ಸಣ್ಣ ಮಾವ, ಬಹಳ ಹಿಂದೆಯೇ ಬೇರೆಯಾಗಿ ವಿಜಾಪುರದ ಅಂಚಿನಲ್ಲಿ, ಅಥಣಿ ರಸ್ತೆಯ ಬದಿಗೆ ತಿಗರಿ ಹೂಡಿದ್ದರು. ಕೆಟ್ಟವರಲ್ಲ. ಆದರೆ ಅವರ ಗಡಿಗೆ ಹೋದರೆ ಹಕ್ಕೂ ಅವರ ಹಿಂದೆಯೇ ಹೋಗುತ್ತದೆ. ಒಂದು ಮನೆ ಹೋದರೆ ಉಳಿದ ಮನೆಗಳೂ ಅದೇ ದಾರಿ ಹಿಡಿಯುತ್ತವೆ. ಅದು ಮಾವನಿಗೂ ಗೊತ್ತಿತ್ತು. ಅಜ್ಜಿ ಹೋದ ಮೇಲೆ ಅತ್ತೆ ಒಲೆಯ ಮುಂದೆ ಕೂತು ಅತ್ತರು. "ಇನ್ನ ನನ್ನ ಉಡಿ ಯಾರ ತುಂಬ್ತಾರ? ನಮ್ಮ ಅಂಗಳಕ್ಕ ಯಾರ ಬರ್ತಾರ?" ಎಂದರು. ಅತ್ತೆ ಅಳುವುದನ್ನು ನಾನು ಮೊದಲ ಸಲ ನೋಡಿದ್ದು. ನನಗೆ ಸಿಟ್ಟು ಬಂತು. ಮಣ್ಣು ತುಳಿಯಲು ನನ್ನ ಕಾಲು ಆಗಬೇಕು, ಬಡಿಯಲು ನನ್ನ ತೋಳು ಆಗಬೇಕು, ಮನೆಯ ಹಕ್ಕು ಉಳಿಸಲು ಮಾತ್ರ ನಾನು ಆಗಬಾರದೇ?

"ನಾ ಮಾಡ್ತೀನಿ" ಎಂದೆ.

"ತಿಗರಿ?"

"ತಿಗರಿ ಮುಟ್ಟೂದಿಲ್ಲರಿ. ನಿಮ್ಮಾಣಿ."

ಮಾವನ ಕೈಯಲ್ಲೇ ಆದ ಒಂದು ಹಳೆಯ ಐರಾಣಿ ಗಡಿಗೆ ಅಟ್ಟದ ಮೇಲಿತ್ತು. ಅದನ್ನು ಇಳಿಸಿ ಅಂಗಳದಲ್ಲಿ ಬೋರಲು ಹಾಕಿದೆ. ಮೈಗೆಲ್ಲ ಬೂದಿ ಉದುರಿಸಿದೆ. ಹದ ಮಾಡಿದ ಮಣ್ಣನ್ನು ರೊಟ್ಟಿಯ ಹಾಗೆ ಅಗಲವಾಗಿ ಬಡಿದು, ಎತ್ತಿ ಅದರ ಮೇಲೆ ಹೊದಿಸಿ, ಹಲಗೆಯಿಂದ ಹಗುರವಾಗಿ ತಟ್ಟುತ್ತ ಬಂದೆ. ತವರಿನಲ್ಲಿ ದೊಡ್ಡ ಬಾನಿಗಳನ್ನು ಹೀಗೆ ಮಾಡುವುದನ್ನು ನೋಡಿದ್ದೆ. ಮಣ್ಣು ಮಾವನ ಗಡಿಗೆಯ ಆಕಾರವನ್ನೇ ಹಿಡಿಯಿತು. ಬಹಳ ಹಿಗ್ಗಾಯಿತು. ಆ ಹಿಗ್ಗಿನಲ್ಲಿ ರೊಟ್ಟಿ ಮಾಡಲು ಹೋಗಿ, ತಿರುಗಿ ಬರುವುದರೊಳಗೆ ಅದು ಆರಿ, ಒಳಗಿನ ಗಡಿಗೆಯನ್ನು ಬಿಗಿಯಾಗಿ ಅಪ್ಪಿಕೊಂಡು, ಮೇಲಿಂದ ಕೆಳಗೆ ಸೀಳಿಬಿಟ್ಟಿತ್ತು. ಮಣ್ಣು ಆರುತ್ತ ಕುಗ್ಗುತ್ತದೆ ಎಂಬುದು ಗೊತ್ತಿದ್ದೂ ಮರೆತಿದ್ದೆ. ಮಾವನ ಗಡಿಗೆಯಾದರೂ ಉಳಿಯಿತಲ್ಲ ಎಂದು ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಕುಂಬಾರಗ ವರಸ, ದೊಣ್ಣಿಗೆ ನಿಮಿಷ ಎಂಬ ಮಾತು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಗ ಪಡಸಾಲೆಯಿಂದ, ಬಹಳ ದಿನಗಳ ಮೇಲೆ, ದನಿ ಬಂತು. "ಏ ಕತ್ತಿ, ಬೆರಳ ಒತ್ತಿದ್ರ ಗುರ್ತು ಮೂಡಬೇಕು, ಮಣ್ಣು ಬೆರಳಿಗೆ ಹತ್ತಬಾರದು. ಆವಾಗ ಬಿಡಿಸಬೇಕು. ಆರೂತನಕ ಬಿಟ್ರ ಸೀಳದ ಏನ ಮಾಡ್ತೈತಿ?"

ಕತ್ತೆ ಕಿವಿ ಅಲ್ಲಾಡಿಸಿತು. "ಹೂಂ ಅಂತ ಹೇಳು ಕತ್ತಿ" ಎಂದು ನಾನು ಸೀಳಿದ ಮಣ್ಣನ್ನು ಮತ್ತೆ ನೀರಿಗೆ ಹಾಕಿದೆ. ಹೀಗೆ ಅವರು ಕತ್ತೆಗೆ ಹೇಳಿಕೊಟ್ಟರು, ನಾನು ಕಲಿತೆ. ಆದರೂ ಒಂದು ಮಾತು ಅವರು ಬಿಡಲಿಲ್ಲ. ಅತ್ತೆಗೆ ಕೇಳುವಂತೆ, ಅಂದರೆ ನನಗೆ ಕೇಳುವಂತೆ, "ಏನರ ಮಾಡಕೊಳ್ಳಲಿ. ಹೆಣ್ಣು ಮಾಡಿದ್ದ ಐರಾಣಿ ನನ್ನ ಕೈಲೆ ನಾ ಎತ್ತಿ ಕೊಡೂದಿಲ್ಲ. ತಮ್ಮಗ ಹೇಳಿ ಕಳಿಸೇನಿ" ಎಂದರು. ಅವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಕಳಿಸಿದ್ದು ನಿಜವಾಗಿತ್ತು.

ಹೊಟ್ಟೆ, ತಳ ಆಯಿತು. ಕೊರಳು ಎಲ್ಲಿಂದ ಬರಬೇಕು? ಕೊರಳು ತಿಗರಿಯ ಮೇಲೆ ತಿರುಗುತ್ತಲೇ ಆಗುವಂಥದ್ದು. ಬೋರಲು ಗಡಿಗೆಯ ಮೇಲೆ ಬಡಿದ ಮಣ್ಣಿಗೆ ಬಾಯಿ ಇರುತ್ತದೆ, ಕೊರಳು ಇರುವುದಿಲ್ಲ. ಒಂದು ಇಡೀ ಮಧ್ಯಾಹ್ನ ಅದನ್ನೇ ನೋಡುತ್ತ ಕೂತೆ. ಆಮೇಲೆ ಗಡಿಗೆಯನ್ನು ಅಂಗಳದ ಕಲ್ಲಿನ ಒರಳಿನ ಮೇಲೆ ಹುಲ್ಲಿನ ಸಿಂಬಿ ಇಟ್ಟು ಕೂರಿಸಿದೆ. ಮಣ್ಣಿನ ಉದ್ದನೆಯ ಬತ್ತಿ ಹೊಸೆದು ಬಾಯಿಯ ಸುತ್ತ ಅಂಟಿಸಿದೆ. ಒದ್ದೆ ಅರಿವೆಯನ್ನು ಅಂಚಿಗೆ ಹಿಡಿದು, ಒಳಗೊಂದು ಕೈ ಹೊರಗೊಂದು ಕೈ ಇಟ್ಟುಕೊಂಡು, ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ ಒರಳಿನ ಸುತ್ತ ನಡೆಯತೊಡಗಿದೆ. ಗಡಿಗೆ ನಿಂತಿತ್ತು, ನಾನು ತಿರುಗಿದೆ. ಮೊದಲು ಅಂಚು ಹಾವು ಹರಿದ ಹಾಗಿತ್ತು. ಸುತ್ತುತ್ತ ಸುತ್ತುತ್ತ ಅದು ಸಮನಾಗಿ, ಹೊರಕ್ಕೆ ಬಾಗಿ, ಕೊರಳಾಯಿತು.

ಮಾವ ಹೊರಸಿನಿಂದ ಎದ್ದು ಬಾಗಿಲಿಗೆ ಬಂದು ನಿಂತಿದ್ದರು. "ಏ ಕತ್ತಿ, ನಮ್ಮ ಮನಿಗಿ ಗಾಣದ ಎತ್ತು ಬಂದೈತಿ ನೋಡು" ಎಂದರು.

"ತಿಗರಿ ನನ್ನ ಕೈಲೆ ತಿರಗಬಾರದಂತ, ಅದಕ್ಕ ನಾನ ತಿರಗಾಕತ್ತೇನಿ ಅಂತ ಹೇಳು ಕತ್ತಿ" ಎಂದೆ, ನಿಲ್ಲದೆ.

ಮಾವ ಒಳಗೆ ಹೋದರು. ಅವರು ನಕ್ಕರೆಂದು ಅತ್ತೆ ಆಮೇಲೆ ಹೇಳಿದರು. ನಾನು ನೋಡಲಿಲ್ಲ, ನನಗೆ ತಲೆ ಸುತ್ತುತ್ತಿತ್ತು.

ಈ ಸಂತೋಷದಲ್ಲೇ ಎಡವಟ್ಟಾಯಿತು. ಮಣ್ಣು ಬಡಿಯಲು ಕೂರುವಾಗ ನಾವು ಕೈಬಳೆಗಳನ್ನು ಮೇಲಕ್ಕೆ ಸರಿಸಿ ಅರಿವೆಯ ಪಟ್ಟಿ ಸುತ್ತಿ ಕಟ್ಟುತ್ತೇವೆ. ಮುತ್ತೈದೆ ಬಳೆ ತೆಗೆಯುವಂತಿಲ್ಲ, ಬಳೆ ಮಣ್ಣಿಗೆ ತಾಗುವಂತೆಯೂ ಇಲ್ಲ. ಕೂತು ಮಾಡುವ ಕೆಲಸಕ್ಕೆ ಕಟ್ಟಿದ ಪಟ್ಟಿ ಅದು. ನಾನು ನಡೆಯುತ್ತ ಮಾಡಿದ್ದರಿಂದ ಯಾವಾಗಲೋ ಸಡಿಲಾಗಿ, ಬಳೆಗಳು ಮುಂಗೈಗೆ ಜಾರಿದ್ದವು. ಮೊನ್ನೆಯಷ್ಟೇ ಓಣಿಯ ಬಳೆಗಾರ್ತಿ ಇಡಿಸಿದ್ದ ಹಸಿರು ಬಳೆ, ಅಂಚಿಗೆ ಹಲ್ಲು ಹಲ್ಲು ಕೊರೆದದ್ದು. ಅದು ಗಡಿಗೆಯ ಕೊರಳಿಗೆ ತಾಗಿ, ನಾನು ಸುತ್ತಿದಷ್ಟೂ ಒತ್ತಿ, ಕೊರಳ ಸುತ್ತ ಚುಕ್ಕಿ ಚುಕ್ಕಿ ಗೆರೆಯೊಂದು ಮೂಡಿತ್ತು.

ಅತ್ತೆ ಮುಖ ಸಣ್ಣದು ಮಾಡಿದರು. ನಮ್ಮ ಮನೆಯ ಐರಾಣಿಯ ಕೊರಳು ಬೆಣ್ಣೆ ಸವರಿದಂತೆ ನುಣುಪಾಗಿರಬೇಕು, ಅದಕ್ಕೇ ಅದು ಹೆಸರಾಗಿತ್ತು. ಒರೆಸೋಣವೆಂದರೆ ಕೊರಳು ಆಗಲೇ ಬಿಗಿದಿತ್ತು. ನೀರು ಮುಟ್ಟಿಸಿದರೆ ಅಂಟಿಸಿದ ಬತ್ತಿ ಬಿಚ್ಚಿಕೊಳ್ಳುವ ಹೆದರಿಕೆ. ಹೊಸದಾಗಿ ಮಾಡೋಣವೆಂದರೆ ಹದ ಮಾಡಿದ ಮಣ್ಣು ಉಳಿದವುಗಳಿಗೇ ಸರಿಯಾಗುತ್ತಿತ್ತು, ಲಗ್ನ ಹತ್ತಿರ ಬಂದಿತ್ತು. ನಾನು ಉಳಿದ ಗಡಿಗೆಗಳನ್ನೂ ಹಾಗೆಯೇ ಬಡಿದು ಮಾಡಿ, ಒಂದೊಂದಾಗಿ ಒರಳಿನ ಮೇಲೆ ಇಟ್ಟು, ಕೊರಳು ಮಾಡಿ, ಮುಂಗೈ ಬಾಗಿಸಿ ಬೇಕೆಂದೇ ಬಳೆ ಒತ್ತಿ ಸುತ್ತಿದೆ.

"ಏನ ಮಾಡಾಕತ್ತಿ ಬೇ?" ಎಂದರು ಅತ್ತೆ.

"ಒಂದಕ್ಕ ಇದ್ದರ ತಪ್ಪು ಅಂತಾರರಿ ಅತ್ತಿ. ಎಲ್ಲಾದಕ್ಕೂ ಇದ್ದರ ರೀತಿ ಅಂತಾರ."

"ನಿನ್ನ ಬಾಯಿಗೆ ಹೆದರಿ ಮಣ್ಣು ಗಟ್ಟಿ ಆಗೈತಿ" ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ಅಂಗಡಿಯ ರಜೆಯ ದಿನ ನನ್ನ ಗಂಡ ಆವಿಗೆ ಹೂಡಿದರು. ತಿಗರಿ ಬಾರದಿದ್ದರೂ ಬೆಂಕಿಯ ಹದ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕುಳ್ಳು, ಹುಲ್ಲು, ಕಂಟಿ ಒಟ್ಟಿ, ಮೇಲೆ ಬೂದಿ ಮುಚ್ಚಿ, ಹೊಗೆಯ ಬಣ್ಣ ನೋಡುತ್ತ ಅದರ ಪಕ್ಕದಲ್ಲೇ ಊಟ ಮಾಡಿದರು. ಒಂದೂ ಒಡೆಯಲಿಲ್ಲ. ಅತ್ತೆ ಸುಣ್ಣ ಬಳಿದು ಚಿತ್ತಾರ ಬರೆದರು. ಸುಣ್ಣದ ಕೆಳಗೂ ಗೆರೆ ಕಾಣುತ್ತಿತ್ತು.

ಐರಾಣಿಯ ದಿನ ಮುಂಜಾನೆಯ ಬಸ್ಸಿಗೆ ಸಣ್ಣ ಮಾವ ಬಂದರು. ಬುಟ್ಟಿಯಲ್ಲಿ ಹುಲ್ಲು ಹಾಸಿ ತಮ್ಮ ಗಡಿಗೆಗಳನ್ನು ತಂದಿದ್ದರು. ಸುಳ್ಳು ಯಾಕೆ ಹೇಳಲಿ, ಬಹಳ ಚೆಂದ ಇದ್ದವು. ಕೊರಳು ನುಣುಪಾಗಿ, ಮೈ ಗುಂಡಗೆ, ಥೇಟ್ ಹಿಂದಿನ ಮಾವನ ಗಡಿಗೆಗಳಂತೆ. ನನ್ನವು ಅವುಗಳ ಪಕ್ಕದಲ್ಲಿ ತುಸು ದಪ್ಪವಾಗಿ ಕಂಡವು. ಬಾಜಾಕ್ಕೆ ಕತ್ತೆ ಬೆದರೀತೆಂದು ನನ್ನ ಗಂಡ ಅದನ್ನು ಹಿತ್ತಲಿಗೆ ಒಯ್ದು ಕಟ್ಟಿದರು.

ಮುತ್ತೈದೆಯರು ಬಂದರು. ಮುಂದೆ ಆ ಅಜ್ಜಿ. ಅಂಗಳದಲ್ಲಿ ಎರಡು ಸಾಲು ಗಡಿಗೆ ನೋಡಿ ನಿಂತರು. ಬಾಜಾದವರೂ ನಿಲ್ಲಿಸಿದರು. "ಯಾವುದರಿ ನಿಮ್ಮ ಮನಿ ಐರಾಣಿ?" ಎಂದು ಅಜ್ಜಿ ಮಾವನನ್ನು ಕೇಳಿದರು.

ಮಾವ ಹೊರಸಿನಿಂದ ಎದ್ದು ಬಂದರು. ತಮ್ಮನ ಗಡಿಗೆಗಳನ್ನು ಎಡಗೈಯ ಬೆರಳಗಂಟಿನಿಂದ ಬಡಿದು ನೋಡಿದರು, ಖಣ್ ಎಂದವು. ನನ್ನವನ್ನು ಬಡಿದರು. ದನಿ ತುಸು ದಪ್ಪ, ಆದರೆ ಎಲ್ಲಿಯೂ ಬಿರುಕಿನ ದನಿ ಇರಲಿಲ್ಲ. ಸಣ್ಣ ಮಾವನೂ ಬಗ್ಗಿ ನನ್ನ ಗಡಿಗೆ ನೋಡುತ್ತಿದ್ದರು.

"ಇದೇನ ಅಣ್ಣಾ, ಕೊರಳಾಗ ಗೆರಿ?" ಎಂದರು.

ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮಾವ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ ಒಂದು ಸುತ್ತು ನೋಡಿದರು.

"ನಮ್ಮ ಮನಿ ಐರಾಣಿಗೆ ಗೆರಿ ಇರ್ತೈತಿ" ಎಂದರು.

"ಯಾವಾಗಿಂದ?"

"ಮೊದಲಿಂದ."

ಸಣ್ಣ ಮಾವ ಅದೇ ಮನೆಯಲ್ಲಿ ಹುಟ್ಟಿ, ಅದೇ ತಿಗರಿಯ ಮೇಲೆ ಕಲಿತವರು. ಅಣ್ಣನ ಸೊಟ್ಟ ಕೈ ನೋಡಿದರು. ನನ್ನ ಬಳೆ ನೋಡಿದರು. "ಹೌದಲ್ಲ, ನಾ ಮರತಿದ್ದೆ" ಎಂದು ತಮ್ಮ ಗಡಿಗೆಗಳನ್ನು ಬುಟ್ಟಿಗೆ ತುಂಬತೊಡಗಿದರು.

ಅವತ್ತಿನಿಂದ ಆ ಗೆರೆ ನಮ್ಮ ಮನೆಯ ಗುರುತಾಯಿತು. ಈಗ ತಿಗರಿಯ ಮುಂದೆ ನನ್ನ ಮಗ ಕೂರುತ್ತಾನೆ, ಅಜ್ಜನ ಕೈ ಅವನಿಗೆ ಬಂದಿದೆ. ಪಕ್ಕದಲ್ಲಿ ಒಂದು ಹಸಿರು ಬಳೆ ಇಟ್ಟುಕೊಂಡಿರುತ್ತಾನೆ. ಕೇಳಿದವರಿಗೆ, "ಇದು ನಮ್ಮ ಮುತ್ಯಾನ ಮುತ್ಯಾನ ಕಾಲದ ರೀತಿರಿ" ಎನ್ನುತ್ತಾನೆ. ನಾನು ತಿದ್ದಲು ಹೋಗುವುದಿಲ್ಲ.

ಅವತ್ತು ಅಂಗಳದಲ್ಲಿ ಇನ್ನೊಂದು ಕೆಲಸ ಉಳಿದಿತ್ತು. ಹಿರಿಯರು ಮೊದಲ ಗಡಿಗೆ ಎತ್ತಿ ಕೊಡಬೇಕಲ್ಲ. ಅಜ್ಜಿ ಸೆರಗು ಒಡ್ಡಿ ನಿಂತಿದ್ದರು. ಮಾವ ಬಗ್ಗಲಿಲ್ಲ. ಕೊಡುವುದಿಲ್ಲ ಎಂದವರು ಕೊಡುವುದಿಲ್ಲವೇನೋ ಎಂದು ಹೆದರಿದೆ. ಅವರು ಬೇವಿನ ಗಿಡದ ಕಡೆ ತಿರುಗಿದರು. ಗಿಡದ ಕೆಳಗೆ ಬರಿ ಗೂಟ ಇತ್ತು. ಒಂದು ಕ್ಷಣ ಗೂಟವನ್ನೇ ನೋಡಿ, ನನ್ನ ಕಡೆ ತಿರುಗಿದರು. ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ.

"ನೀ ಮಾಡಿದ್ದು ನೀನ ಎತ್ತಿ ಕೊಡವಾ" ಎಂದರು.

ಇಷ್ಟು ವರ್ಷದ ರೂಢಿ, ಉತ್ತರ ಕೊಡಲು ನಾನೂ ಗಿಡದ ಕಡೆ ನೋಡಿದೆ. ಕಣ್ಣು ತುಂಬಿ ಗೂಟವೂ ಕಾಣಲಿಲ್ಲ. "ಹೂನ್ರಿ ಮಾವಾ" ಎಂದು ಅವರಿಗೇ ಹೇಳಿ, ಬಗ್ಗಿ ಗಡಿಗೆ ಎತ್ತಿದೆ.